ತುಂಗೆಯ ತಡಿಯ ತೋಟಗಳಲ್ಲಿ ಮನಸ್ಸಿನ ಆರೈಕೆ

ಮಲೆನಾಡು ಎಂದೊಡನೆ ನಮ್ಮ ಬಯಲುಸೀಮೆಯ ಬಂಧುಗಳ ಕಣ್ಣೆದುರು ನಿಲ್ಲುವುದು ಹಸುರು, ಮಳೆ, ಮಂಜು ಮತ್ತು ನೆಮ್ಮದಿ. ಇವುಗಳಲ್ಲಿ ಮೊದಲ ಮೂರು ಅಲ್ಲಿ ಧಾರಾಳವಾಗಿ ಉಂಟು. ನಾಲ್ಕನೆಯದು ಮಾತ್ರ ಎಲ್ಲ ಊರುಗಳಂತೆ ಅಲ್ಲಿಯೂ ಕೆಲವು ಮನೆಗಳಲ್ಲಿ ಉಂಟು, ಕೆಲವು ಮನೆಗಳಲ್ಲಿ ಇಲ್ಲ. ಹಸುರಿನ ನಡುವೆ ಬಾಳುವವರಿಗೆ ಮನಸ್ಸಿನ ಕಾಯಿಲೆ ಬಾರದು, ಅದು ಪೇಟೆಯ ಗದ್ದಲದ ಫಲ ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಮೈಗೆ ಜ್ವರ ಬರುವಂತೆ ಮನಸ್ಸಿಗೂ ಬೇನೆ ಬರುತ್ತದೆ. ಅದು ತೋಟದ ಮನೆ, ಪೇಟೆಯ ಮನೆ ಎಂದು ಭೇದವೆಣಿಸುವುದಿಲ್ಲ.

ಹಾಗಿದ್ದರೆ ಬೇಸಾಯಕ್ಕೂ ಮನಸ್ಸಿನ ಸ್ವಾಸ್ಥ್ಯಕ್ಕೂ ಯಾವ ಸಂಬಂಧವೂ ಇಲ್ಲವೇ? ಮಗನೋ ತಮ್ಮನೋ ಮನೋರೋಗದಿಂದ ಬಳಲುತ್ತಿರುವ ಕುಟುಂಬಗಳವರು ನಮ್ಮನ್ನು ಕಂಡಾಗ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ ಬಗೆಯದು: “ಮಾತ್ರೆ ಎಷ್ಟು ದಿನ ನುಂಗಿಸುವುದು? ಹೊಲದ ಕೆಲಸಕ್ಕೆ ಹಚ್ಚಿದರೆ ತಾನಾಗಿಯೇ ಸರಿಹೋಗುವುದಿಲ್ಲವೇ?” ಕೆಲವರ ಪ್ರಶ್ನೆ ಇದಕ್ಕೆ ತದ್ವಿರುದ್ಧ: “ಕಾಯಿಲೆಯವನನ್ನು ಕೆಲಸಕ್ಕೆ ಹಚ್ಚುವುದು ಪಾಪವಲ್ಲವೇ? ಒಂದು ಕಡೆ ಸುಮ್ಮನೆ ಕೂರಿಸಿ ಅನ್ನ ಹಾಕಿದರೆ ಸಾಲದೇ?” ಈ ಎರಡು ಪ್ರಶ್ನೆಗಳಿಗೂ ಪುಸ್ತಕದಿಂದ ಉತ್ತರ ಹೇಳುವುದಕ್ಕಿಂತ ಒಂದು ಊರನ್ನು ಕಣ್ಣಾರೆ ನೋಡಿ ಬರುವುದು ಲೇಸೆಂದು ತೋರಿತು. ಆ ಉದ್ದೇಶದಿಂದ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿಗೆ ಎಳ್ಳಮಾವಾಸ್ಯೆಗೆ ಇನ್ನೂ ನಾಲ್ಕು ದಿನವಿರುವಾಗ ನಾವು ಹೊರಟೆವು. ತೀರ್ಥಹಳ್ಳಿಯನ್ನೇ ಆರಿಸಿಕೊಂಡುದಕ್ಕೆ ಕಾರಣವನ್ನು ಮುಂದೆ ನಿವೇದಿಸುತ್ತೇವೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರುಗಳ ದಾರಿ. ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಗಾಜನೂರಿನ ತುಂಗಾ ಅಣೆಕಟ್ಟು, ಅದರ ಆಚೆಗೆ ಸಕ್ರೆಬೈಲಿನ ಆನೆಬಿಡಾರ. ಅರ್ಧ ದಾರಿಯಲ್ಲಿ ಮಂಡಗದ್ದೆ. ಅಲ್ಲಿ ತುಂಗೆಯ ನಡುವಣ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡುಕಟ್ಟಿ ಮರಿಮಾಡುತ್ತವೆ. ನಾವು ಹೋದಾಗ ಹಕ್ಕಿಗಳ ಕಾಲ ಮುಗಿದು ಮರಗಳು ಬರಿದಾಗಿದ್ದವು. ಹೊಳೆ ಮಾತ್ರ ಬಂಡೆಗಳ ನಡುವೆ ಸದ್ದಿಲ್ಲದೆ ಹರಿಯುತ್ತಿತ್ತು. ಮಂಡಗದ್ದೆ ದಾಟಿದ ಮೇಲೆ ಕಾಡು ದಟ್ಟವಾಗುತ್ತದೆ. ಆ ಕಾಡಿನ ಇಳಿಜಾರುಗಳ ಕೆಳಗೆ, ನೀರು ನಿಲ್ಲದೆ ಬಸಿದುಹೋಗುವ ಕಣಿವೆಗಳಲ್ಲಿ, ಅಡಿಕೆಯ ತೋಟಗಳು ಕಾಣತೊಡಗುತ್ತವೆ.

ತೀರ್ಥಹಳ್ಳಿಯ ಹೆಸರು ಕನ್ನಡಿಗರಿಗೆ ಹೊಸದಲ್ಲ. ಪರಶುರಾಮನು ತನ್ನ ಕೊಡಲಿಗಂಟಿದ ರಕ್ತದ ಕಲೆಯನ್ನು ಇಲ್ಲಿ ತುಂಗೆಯಲ್ಲಿ ತೊಳೆದುಕೊಂಡನೆಂಬುದು ಸ್ಥಳಪುರಾಣ. ಆ ರಾಮತೀರ್ಥದಲ್ಲಿ ಮೀಯಲು ಎಳ್ಳಮಾವಾಸ್ಯೆಯ ಜಾತ್ರೆಗೆ ಸಾವಿರಾರು ಜನ ಸೇರುತ್ತಾರೆ. ಕುವೆಂಪು ಅವರು ಬೆಳೆದ ಕುಪ್ಪಳಿ ಈ ತಾಲ್ಲೂಕಿನಲ್ಲಿದೆ. ಕೆಳದಿಯ ಅರಸರ ಕೋಟೆಯಾದ ಕವಲೇದುರ್ಗವೂ, ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವ ಆಗುಂಬೆಯೂ ಇಲ್ಲಿಯವೇ. ನಾವು ಈ ಊರನ್ನು ಅರಸಿ ಹೋದುದು ಈ ಕಾರಣಗಳಿಗಾಗಿ ಅಲ್ಲ. 2005ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಈ ತಾಲ್ಲೂಕಿನಲ್ಲಿ ಒಂದು ಕಾರ್ಯವನ್ನು ಕೈಗೊಂಡರು. ತಾಲ್ಲೂಕಿನ ಹಳ್ಳಿಹಳ್ಳಿಗಳಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದಿಂದ ಬಳಲುತ್ತಿದ್ದವರನ್ನು ಹುಡುಕಿ, ಅವರನ್ನು ದೂರದ ಆಸ್ಪತ್ರೆಗೆ ಸಾಗಿಸುವ ಬದಲು ಅವರಿದ್ದಲ್ಲಿಯೇ ಚಿಕಿತ್ಸೆಯನ್ನೊದಗಿಸಿ, ವರ್ಷಗಳ ಕಾಲ ಅವರ ಸ್ಥಿತಿಗತಿಗಳನ್ನು ಗಮನಿಸುತ್ತ ಬಂದರು. ಕಾಯಿಲೆಯ ಲಕ್ಷಣಗಳನ್ನಷ್ಟೇ ಅಲ್ಲದೆ, ಆ ವ್ಯಕ್ತಿ ದಿನದ ಕೆಲಸಕಾರ್ಯಗಳನ್ನು ಎಷ್ಟರಮಟ್ಟಿಗೆ ಮಾಡಬಲ್ಲನೆಂಬುದನ್ನೂ ಅವರು ಅಳೆದರು. ಚಿಕಿತ್ಸೆ ಪಡೆಯುತ್ತಿದ್ದವರಲ್ಲಿ ಅಶಕ್ತತೆ ಕಡಿಮೆ, ಪಡೆಯದವರಲ್ಲಿ ಹೆಚ್ಚು ಎಂಬುದು ಅವರು ಪ್ರಕಟಿಸಿದ ಬರಹಗಳಿಂದ ವಿದಿತವಾಗುತ್ತದೆ.

ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ಕೊಂಡೊಯ್ಯುವ ಈ ಮಾರ್ಗಕ್ಕೆ ನಮ್ಮ ನಾಡಿನಲ್ಲಿ ಹಳೆಯ ಪರಂಪರೆಯೇ ಇದೆ. 1974ರಲ್ಲಿ ನಿಮ್ಹಾನ್ಸ್ ರೂಪುಗೊಂಡ ಸ್ವಲ್ಪ ಕಾಲದಲ್ಲಿಯೇ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ದಾದಿಯರಿಗೂ ಮನೋರೋಗವನ್ನು ಗುರುತಿಸುವುದನ್ನು ಕಲಿಸಲಾಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ನಾಡಿನ ಒಂದು ಬಯಲುಸೀಮೆಯ ಜಿಲ್ಲೆ ಇಡೀ ಭಾರತಕ್ಕೆ ದಾರಿ ತೋರಿಸಿದ ಸಂಗತಿ ನಮ್ಮ ಬಂಧುಗಳಲ್ಲಿ ಬಹಳ ಮಂದಿಗೆ ತಿಳಿಯದು.

ತೀರ್ಥಹಳ್ಳಿಯಲ್ಲಿ ನಮಗೆ ಜೊತೆಯಾದವರು ನಿವೃತ್ತ ಮೇಷ್ಟ್ರೊಬ್ಬರು. ನಲವತ್ತು ವರ್ಷ ಸುತ್ತಲಿನ ಶಾಲೆಗಳಲ್ಲಿ ಪಾಠ ಹೇಳಿದವರಾದ್ದರಿಂದ ಅವರಿಗೆ ಎಲ್ಲ ಮನೆಗಳ ಬಾಗಿಲೂ ತೆರೆದಿತ್ತು. ಮಲೆನಾಡಿನ ಮನೆಗಳು ನಮ್ಮ ಕಡೆಯವುಗಳಂತೆ ಸಾಲಾಗಿ ಇರುವುದಿಲ್ಲ. ತೋಟಕ್ಕೊಂದು ಮನೆ, ಮನೆಗೂ ಮನೆಗೂ ನಡುವೆ ಗದ್ದೆಯೋ ಗುಡ್ಡವೋ ಹಳ್ಳವೋ. ಆರೋಗ್ಯವಂತನಿಗೆ ಈ ಏಕಾಂತ ಸುಖಕರವಾದೀತು. ಮನಸ್ಸು ಕುಗ್ಗಿದವನಿಗೆ ಅದೇ ಸೆರೆಮನೆಯೂ ಆದೀತು. ಮಳೆಗಾಲದ ನಾಲ್ಕು ತಿಂಗಳು ಒಬ್ಬನು ಹೊರಗೆ ಬಾರದಿದ್ದರೆ ಯಾರೂ ಕೇಳುವುದಿಲ್ಲ. ಕಾಯಿಲೆಯವರನ್ನು ವರ್ಷಗಟ್ಟಲೆ ಲೋಕದ ಕಣ್ಣಿಗೆ ಬೀಳದಂತೆ ಇಡುವುದು ಇಲ್ಲಿ ಬಯಲುಸೀಮೆಗಿಂತ ಸುಲಭ.

ಮೇಷ್ಟ್ರು ನಮ್ಮನ್ನು ಕರೆದೊಯ್ದ ಮೊದಲ ಮನೆಯಲ್ಲಿ ಅಡಿಕೆಯ ಕೊಯ್ಲು ಭರದಿಂದ ಸಾಗಿತ್ತು. ಅಂಗಳದ ತುಂಬ ಚಪ್ಪರ, ಚಪ್ಪರದ ಮೇಲೆ ಬೇಯಿಸಿದ ಅಡಿಕೆಯನ್ನು ಹರಡಿದ ತಟ್ಟಿಗಳು. ಹಿಂದುಗಡೆ ಕಟ್ಟಿಗೆಯ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಚೊಗರು ಕುದಿಯುತ್ತಿತ್ತು. ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಏಳೆಂಟು ಜನ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಮಾತನಾಡುತ್ತ ಅಡಿಕೆ ಸುಲಿಯುತ್ತಿದ್ದರು. ಅವರ ನಡುವೆ ಐವತ್ತರ ಆಸುಪಾಸಿನ ಗಂಡಸೊಬ್ಬರು ಸುಲಿದ ಅಡಿಕೆಯನ್ನು ಬುಟ್ಟಿಗೆ ತುಂಬಿಕೊಂಡು ಹಂಡೆಯ ಬಳಿಗೆ ಒಯ್ಯುವುದು, ಸಿಪ್ಪೆಯನ್ನು ಬಾಚಿ ಹೊರಗೆ ಹಾಕುವುದು, ಆಗಾಗ ಅಂಗಳಕ್ಕೆ ಬಂದು ಆಕಾಶ ನೋಡುವುದು, ಹೀಗೆ ಓಡಾಡುತ್ತಿದ್ದರು. ಮಾತು ಕಡಿಮೆ, ನಡಿಗೆ ನಿಧಾನ. ಮನೆಯ ಕಿರಿಯ ಮಗ ಅವರೇ ಎಂದು ಮೇಷ್ಟ್ರು ಪಿಸುದನಿಯಲ್ಲಿ ತಿಳಿಸಿದರು.

ತಾಯಿಗೆ ಎಪ್ಪತ್ತೈದು ದಾಟಿದೆ. ನಮ್ಮನ್ನು ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ತಾವಾಗಿಯೇ ಮಾತು ತೆಗೆದರು.

“ಅವನಿಗೆ ಎಂಥ ಆಯ್ತು ಅಂತ ಮೊದಲು ನಮಗೆ ಗೊತ್ತೇ ಆಗ್ಲಿಲ್ಲ ಗುರುಗಳೇ. ಶಿವಮೊಗ್ಗದಲ್ಲಿ ಓದ್ತಿದ್ದ, ಇಪ್ಪತ್ತೆರಡು ವರ್ಷ. ಮನೆಗೆ ಬಂದವನು ತಿರುಗಿ ಹೋಗ್ಲಿಲ್ಲ. ಯಾರೋ ಕಿವೀಲಿ ಬೈತಾರೆ ಅಂತಿದ್ದ. ನಾವು ದೆವ್ವ ಅಂದ್ಕೊಂಡ್ವಿ, ತಾಯಿತ ಕಟ್ಟಿಸಿದ್ವಿ. ಆಮೇಲೆ ಮೇಲಿನ ಕೋಣೇಲಿ ಇಟ್ವಿ. ನೆಂಟರು ಬಂದ್ರೆ ಬಾಗಿಲು ಹಾಕ್ತಿದ್ವಿ. ಹಂಗೇ ಒಂಬತ್ತು ವರ್ಷ ಹೋಯ್ತು.”

ಒಂಬತ್ತು ವರ್ಷಗಳ ಬಳಿಕ ಊರಿನ ಆರೋಗ್ಯ ಕಾರ್ಯಕರ್ತೆಯೊಬ್ಬರು ವಿಷಯವರಿತು ವೈದ್ಯರನ್ನು ಮನೆಗೆ ಕರೆತಂದರು. ಮಾತ್ರೆ ಆರಂಭವಾಯಿತು. ಕೆಲವು ವಾರಗಳಲ್ಲಿ ಕಿವಿಯ ಬೈಗುಳ ತಗ್ಗಿತು, ನಿದ್ದೆ ಬಂತು. ಆದರೆ ಮಗ ಕೋಣೆ ಬಿಟ್ಟು ಕದಲಲಿಲ್ಲ. ಮಾತ್ರೆ ಬೈಗುಳವನ್ನು ನಿಲ್ಲಿಸಿತೇ ಹೊರತು, ಬೆಳಗ್ಗೆ ಎದ್ದು ಮಾಡುವುದೇನೆಂಬುದನ್ನು ಹೇಳಿಕೊಡಲಿಲ್ಲ. ಆಗ ಮನೆಗೆ ಬರುತ್ತಿದ್ದ ಸಮಾಜ ಕಾರ್ಯಕರ್ತರೊಬ್ಬರು ತಂದೆಗೆ ಹೇಳಿದರಂತೆ: “ದಿನಕ್ಕೆ ಅರ್ಧ ಗಂಟೆ ತೋಟಕ್ಕೆ ಕರ್ಕೊಂಡು ಹೋಗಿ. ಉದುರಡಿಕೆ ಹೆಕ್ಕಲಿ. ಹೆಕ್ಕದಿದ್ರೂ ಬೈಬೇಡಿ, ಹೆಕ್ಕಿದ್ರೆ ಅದನ್ನ ತೂಕ ಹಾಕಿ ಲೆಕ್ಕ ಬರೆದಿಡಿ.”

ಮೊದಲ ದಿನ ಆತ ಹೆಕ್ಕಿದ್ದು ಮೂರೇ ಅಡಿಕೆ. ಒಂದು ತಿಂಗಳಿಗೆ ಬುಟ್ಟಿಯ ತಳ ಮುಚ್ಚಿತು. ಮಳೆಗಾಲ ಕಳೆದು ಸುಲಿತದ ಕಾಲ ಬಂದಾಗ ಹೆಂಗಸರ ಗುಂಪಿನಿಂದ ಹತ್ತು ಮಾರು ದೂರದಲ್ಲಿ ಕುಳಿತು ಸಿಪ್ಪೆ ಬಾಚಿದ. ಮರುವರ್ಷ ಐದು ಮಾರು ದೂರ. ಅದರ ಮುಂದಿನ ವರ್ಷ ಎಲ್ಲರ ನಡುವೆ. ತಂದೆ ತೀರಿಕೊಂಡ ಮೇಲೆ ಚಪ್ಪರದ ಉಸ್ತುವಾರಿ ಪೂರ್ತಿಯಾಗಿ ಆತನದೇ ಆಯಿತು.

ನಾವು ಅವರ ಬಳಿ ಹೋಗಿ, “ಇವತ್ತು ಎಷ್ಟು ತಟ್ಟಿ ಹರಡಿದ್ದೀಯಪ್ಪಾ?” ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹದಿನಾಲ್ಕು” ಎಂದರು. ಆಮೇಲೆ ನಮ್ಮ ಮುಖ ನೋಡದೆ, “ಮೋಡ ಬಂದ್ರೆ ಎಲ್ಲಾ ಒಳಗೆ ತರ್ಬೇಕು. ಅದು ನನ್ನ ಕೆಲಸ” ಎಂದರು.

“ಅದು ನನ್ನ ಕೆಲಸ” ಎಂಬ ಈ ಮೂರು ಪದಗಳ ಮಾತನ್ನು ಓದುಗ ಬಂಧುಗಳು ದಯಮಾಡಿ ಗಮನಿಸಬೇಕು. ಮನೋರೋಗ ಮನುಷ್ಯನಿಂದ ಕಸಿದುಕೊಳ್ಳುವುದು ನಿದ್ದೆಯನ್ನು, ನೆಮ್ಮದಿಯನ್ನು ಮಾತ್ರವಲ್ಲ. ತಾನು ಯಾರಿಗೋ ಬೇಕಾದವನು ಎಂಬ ಅರಿವನ್ನೂ ಅದು ಕಸಿಯುತ್ತದೆ. ಬೇಸಾಯವು ಮರಳಿ ಕೊಡಬಲ್ಲುದು ಈ ಅರಿವನ್ನು. ಮಣ್ಣಿನಲ್ಲಿ ಯಾವುದೋ ಮಾಂತ್ರಿಕ ಶಕ್ತಿ ಇದೆಯೆಂದು ನಾವು ಹೇಳುತ್ತಿಲ್ಲ. ಬೇಸಾಯದ ಕೆಲಸಕ್ಕೆ ಕೆಲವು ಸಹಜ ಗುಣಗಳಿವೆ. ಅದನ್ನು ಎಷ್ಟು ಸಣ್ಣ ತುಂಡುಗಳನ್ನಾಗಿ ಬೇಕಾದರೂ ಒಡೆಯಬಹುದು. ಮೂರು ಅಡಿಕೆ ಹೆಕ್ಕುವುದೂ ಕೆಲಸವೇ, ಮೂರು ಕ್ವಿಂಟಾಲ್ ಒಣಗಿಸುವುದೂ ಕೆಲಸವೇ. ಅದಕ್ಕೆ ಹೊತ್ತಿನ ಕಟ್ಟುಪಾಡುಂಟು: ಹಸುವಿಗೆ ಹುಲ್ಲು ಬೆಳಗ್ಗೆಯೇ ಹಾಕಬೇಕು, ತಟ್ಟಿಯನ್ನು ಬಿಸಿಲೇರುವಾಗಲೇ ಹರಡಬೇಕು. ಹೀಗಾಗಿ ಹಗಲು-ರಾತ್ರಿಗಳ ಪರಿವೆ ತಪ್ಪಿದವನಿಗೆ ದಿನವು ಮತ್ತೆ ದಿನದ ಆಕಾರ ಪಡೆಯುತ್ತದೆ. ಜನರೊಡನೆ ಮಾತನಾಡದೆಯೂ ಜನರ ನಡುವೆ ಇರಲು ಅದು ಅವಕಾಶ ನೀಡುತ್ತದೆ. ಸುಲಿತದ ಜಗಲಿಯಲ್ಲಿ ಮೌನವಾಗಿರುವವನನ್ನು ಯಾರೂ ಏಕೆ ಮಾತನಾಡುವುದಿಲ್ಲವೆಂದು ಕೇಳುವುದಿಲ್ಲ, ಕೈ ಆಡುತ್ತಿದ್ದರೆ ಸಾಕು. ಕೊನೆಯದಾಗಿ, ಮಾಡಿದ ಕೆಲಸ ಸಂಜೆಗೆ ಕಣ್ಣಿಗೆ ಕಾಣುತ್ತದೆ. ಖಿನ್ನತೆಗೆ ಒಳಗಾದವರಿಗೆ ದಿನದಿನಕ್ಕೂ ಸಣ್ಣ ಕೆಲಸವನ್ನು ಗೊತ್ತುಮಾಡಿ, ಮಾಡಿದ್ದನ್ನು ಗುರುತಿಸುತ್ತ ಹೋಗುವ ಕ್ರಮವನ್ನು ಮನೋವೈದ್ಯರೂ ಒಂದು ಚಿಕಿತ್ಸಾವಿಧಾನವೆಂದೇ ಅಂಗೀಕರಿಸಿದ್ದಾರೆ. ಕಾಯಕವೆಂಬ ಮಾತನ್ನು ಬಲ್ಲ ನಮ್ಮ ಮನೆಗಳಿಗೆ ಇದು ಅಪರಿಚಿತ ವಿಚಾರವಾಗಬಾರದು.

ಆದರೆ ಇಲ್ಲಿಯೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೂರು ವರ್ಷ ಮಗ ಚೆನ್ನಾಗಿದ್ದುದನ್ನು ಕಂಡು, “ಇನ್ನು ಕೆಲಸ ಮಾಡ್ತಾನಲ್ಲ, ಮಾತ್ರೆ ಯಾಕೆ?” ಎಂದು ನೆಂಟರೊಬ್ಬರು ಹೇಳಿದ ಮಾತಿಗೆ ಕಿವಿಗೊಟ್ಟು ಈ ಮನೆಯವರು ಔಷಧವನ್ನು ನಿಲ್ಲಿಸಿದರು. ನಾಲ್ಕು ತಿಂಗಳಲ್ಲಿ ಕಿವಿಯ ಬೈಗುಳ ಮರಳಿತು. ಬುಟ್ಟಿ ಮೂಲೆ ಸೇರಿತು. ಮಗ ಮತ್ತೆ ಕೋಣೆ ಸೇರಿದ. ಪುನಃ ಚಿಕಿತ್ಸೆ ಆರಂಭಿಸಿ ಮೊದಲಿನ ಸ್ಥಿತಿಗೆ ಬರಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಆದಕಾರಣ ಮಾತ್ರೆಯೋ ಮಣ್ಣೋ ಎಂಬ ಪ್ರಶ್ನೆಯೇ ಸರಿಯಲ್ಲ. ಔಷಧವು ಮನುಷ್ಯನನ್ನು ಹೊಸ್ತಿಲವರೆಗೆ ತಂದು ನಿಲ್ಲಿಸುತ್ತದೆ. ಹೊಸ್ತಿಲು ದಾಟಿಸುವುದು ಕೆಲಸ ಮತ್ತು ಸಹವಾಸ. ಒಂದನ್ನು ಬಿಟ್ಟು ಇನ್ನೊಂದು ನಡೆಯದು. ಔಷಧವನ್ನು ಕಡಿಮೆ ಮಾಡುವುದಾಗಲಿ ನಿಲ್ಲಿಸುವುದಾಗಲಿ ವೈದ್ಯರ ತೀರ್ಮಾನವೇ ಹೊರತು ನೆಂಟರದಲ್ಲ.

ಕೆಲಸವನ್ನು ಕೊಡುವಾಗಲೂ ವಿವೇಕ ಬೇಕು. ಮನೋರೋಗದ ಹಲವು ಔಷಧಗಳು ಮಂಪರು ತರುತ್ತವೆ, ಕೈಕಾಲುಗಳ ಚುರುಕನ್ನು ತಗ್ಗಿಸುತ್ತವೆ, ಬಿಸಿಲಿನ ತಾಪವನ್ನು ತಡೆಯುವ ಶಕ್ತಿಯನ್ನು ಕುಂದಿಸುತ್ತವೆ. ಆದ್ದರಿಂದ ಅವುಗಳನ್ನು ಸೇವಿಸುವವರನ್ನು ಮರ ಹತ್ತಿಸಬಾರದು, ನಡುಹಗಲಿನ ಬಿಸಿಲಿಗೆ ಕಳುಹಿಸಬಾರದು, ಪದೇಪದೇ ನೀರು ಕುಡಿಸಬೇಕು. ಈ ಮನೆಯಲ್ಲಿ ಮಗನಿಗೆ ಮೆಟ್ಟುಗತ್ತಿಯನ್ನು ಕೊಟ್ಟಿಲ್ಲ, ಕುದಿಯುವ ಹಂಡೆಯ ಮೇಲೆ ಬಾಗುವ ಕೆಲಸವನ್ನೂ ಕೊಟ್ಟಿಲ್ಲ. ಅತ್ತಿಗೆಯೇ ಇದನ್ನೆಲ್ಲ ಗಮನಿಸುತ್ತಾರೆ.

ಆ ತಾಯಿಯ ಚಿಂತೆ ಬೇರೊಂದು. “ನಾನು ಹೋದ ಮೇಲೆ ಇವನ ಗತಿ ಏನು ಗುರುಗಳೇ?” ಎಂದು ಅವರು ಕಣ್ಣೊರೆಸಿಕೊಂಡಾಗ, ಒಳಗಿನಿಂದ ಕಾಫಿ ತಂದ ಸೊಸೆ ನಿಂತಲ್ಲೇ ಉತ್ತರಿಸಿದರು: “ಎಂಥ ಮಾತು ಅಂತ ಆಡ್ತೀರಿ ಅತ್ತೆ? ಯಾವ ತಟ್ಟಿ ಎಷ್ಟು ಒಣಗಿದೆ ಅನ್ನೋ ಲೆಕ್ಕ ನನಗೂ ಗೊತ್ತಿಲ್ಲ, ಇವರಿಗೂ ಗೊತ್ತಿಲ್ಲ. ಅವರಿಲ್ದೆ ಇದ್ರೆ ಕಷ್ಟ ಆಗೋದು ನಮಗೆ.” ಕರುಣೆಯಿಂದ ಆಡಿದ ಮಾತು ಇದಾಗಿದ್ದರೆ ನಮಗೆ ಇಷ್ಟು ಸಮಾಧಾನವಾಗುತ್ತಿರಲಿಲ್ಲ. ಅದು ಲೆಕ್ಕದ ಮಾತು, ಆದ್ದರಿಂದಲೇ ನಂಬಬಹುದಾದ ಮಾತು.

ಕೆಲಸ ಮತ್ತು ಕುಟುಂಬಗಳು ಮನೋರೋಗಿಗೆ ಆಸರೆಯಾಗುವ ಸಂಗತಿ ತೀರ್ಥಹಳ್ಳಿಗೆ ಮಾತ್ರ ಸೀಮಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1960ರ ದಶಕದ ಕೊನೆಯಲ್ಲಿ ಒಂಬತ್ತು ದೇಶಗಳ 1202 ರೋಗಿಗಳ ಅಧ್ಯಯನವನ್ನು ಆರಂಭಿಸಿತು. ಅವುಗಳಲ್ಲಿ ಒಂದು ಕೇಂದ್ರ ನಮ್ಮ ಆಗ್ರಾ. ಕೆಲವು ವರ್ಷಗಳ ಬಳಿಕ ನೋಡಿದಾಗ ಭಾರತ, ನೈಜೀರಿಯಾಗಳಂಥ ದೇಶಗಳ ರೋಗಿಗಳು ಸಿರಿವಂತ ದೇಶಗಳ ರೋಗಿಗಳಿಗಿಂತ ಹೆಚ್ಚು ಚೇತರಿಸಿಕೊಂಡಿದ್ದರು. ಇದಕ್ಕೆ ಕಾರಣವೇನೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಚರ್ಚೆ ನಡೆದಿದೆ. ಈ ನಿರ್ಣಯವನ್ನೇ ಶಂಕಿಸಿದವರೂ ಉಂಟು. ಆದರೆ ಮನೆಯವರ ಒಡನಾಟ ಮತ್ತು ಎಲ್ಲರಿಗೂ ಒಂದಿಷ್ಟು ಪಾಲು ದೊರೆಯುವ ಬೇಸಾಯದ ಕೆಲಸ, ಇವು ಕಾರಣಗಳಲ್ಲಿ ಸೇರಿರಬಹುದೆಂದು ಹಲವರು ಅಭಿಪ್ರಾಯಪಟ್ಟಿದ್ದಾರೆ.

ಇದಕ್ಕಿಂತ ಹಳೆಯ ನಿದರ್ಶನ ಬೆಲ್ಜಿಯಂ ದೇಶದ ಗೀಲ್ ಎಂಬ ಊರಿನದು. ಅಲ್ಲಿ ಡಿಂಫ್ನಾ ಎಂಬ ಸಂತಳ ಗುಡಿಗೆ ಮನೋರೋಗಿಗಳನ್ನು ಹರಕೆಗಾಗಿ ಕರೆತರುತ್ತಿದ್ದರು. ಗುಡಿಯ ಕೋಣೆಗಳು ಸಾಲದಾದಾಗ ಸುತ್ತಲಿನ ರೈತರು ಅವರನ್ನು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. 13ನೆಯ ಶತಮಾನದಷ್ಟು ಹಿಂದೆ ಮೊದಲಾದ ಈ ಪದ್ಧತಿ ನಿಂತುಹೋಗಲಿಲ್ಲ. ಅತಿಥಿಗಳು ರೈತನ ಮನೆಯವರೊಡನೆಯೇ ಉಂಡು, ಹೊಲದಲ್ಲಿಯೂ ಕೊಟ್ಟಿಗೆಯಲ್ಲಿಯೂ ಕೈಲಾದಷ್ಟು ದುಡಿದರು. 1850ರಲ್ಲಿ ಸರ್ಕಾರವು ಇದರ ಮೇಲ್ವಿಚಾರಣೆಯನ್ನು ವಹಿಸಿಕೊಂಡಿತು. 1930ರ ದಶಕದ ಕೊನೆಯಲ್ಲಿ ಅಂಥ ಅತಿಥಿಗಳ ಸಂಖ್ಯೆ 3700ನ್ನು ಮೀರಿತ್ತು. ಇಂದು ಅದು ಕೆಲವು ನೂರಕ್ಕಿಳಿದಿದೆ. ಹೊಸ ಔಷಧಗಳು, ಹೊಸ ಬಗೆಯ ಆರೈಕೆ ಇದಕ್ಕೆ ಕಾರಣವಾದಂತೆ, ಬೇಸಾಯಗಾರ ಕುಟುಂಬಗಳು ಕಡಿಮೆಯಾದುದೂ ಕಾರಣ. ಯಂತ್ರ ಬಂದ ಹೊಲದಲ್ಲಿ ನಿಧಾನದ ಕೈಗೆ ಕೆಲಸವಿಲ್ಲ. ನೆರೆಯ ಹಾಲೆಂಡಿನಲ್ಲಿ ಇದೇ ತತ್ತ್ವದ ಮೇಲೆ ಆರೈಕೆಯ ತೋಟಗಳೆಂಬ ವ್ಯವಸ್ಥೆ ಬೆಳೆದು, ಸಾವಿರಕ್ಕೂ ಮೇಲ್ಪಟ್ಟ ಹೊಲಮನೆಗಳು ಅಶಕ್ತರಿಗೆ ದಿನದ ಕೆಲಸವನ್ನೂ ಒಡನಾಟವನ್ನೂ ಒದಗಿಸುತ್ತಿವೆ.

ಗೀಲ್‌ನಲ್ಲಿ ಆದುದು ತೀರ್ಥಹಳ್ಳಿಯಲ್ಲಿಯೂ ಆಗುತ್ತಿರುವುದನ್ನು ಮರುದಿನ ನಾವು ಕಂಡೆವು. ನಾವು ಹೋದ ಎರಡನೆಯ ಮನೆಯ ಅಂಗಳದಲ್ಲಿ ಚಪ್ಪರವೇ ಇರಲಿಲ್ಲ. ಆಳುಗಳು ದೊರೆಯುವುದಿಲ್ಲವೆಂದು ಬೆಳೆಯನ್ನು ಚೇಣಿಗೆ ಕೊಟ್ಟಿದ್ದರು. ಚೇಣಿದಾರನ ಕಡೆಯವರು ಬಂದು, ಉದ್ದನೆಯ ದೋಟಿಯಿಂದ ನೆಲದ ಮೇಲೆ ನಿಂತೇ ಕೊನೆ ಇಳಿಸಿ, ವಾಹನದಲ್ಲಿ ತುಂಬಿಕೊಂಡು ಹೋಗುತ್ತಾರೆ. ಸುಲಿಯುವುದು ಎಲ್ಲಿಯೋ ಯಂತ್ರದಲ್ಲಿ. ಮನೆಗೆ ಹಣ ಬರುತ್ತದೆ, ದಣಿವಿಲ್ಲ. ಯಜಮಾನರನ್ನು ಇದಕ್ಕಾಗಿ ದೂರುವಂತಿಲ್ಲ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ, ಅವರಿಗೂ ವಯಸ್ಸಾಗಿದೆ. ಆದರೆ ಆ ಮನೆಯಲ್ಲಿ ಯಜಮಾನರ ತಂಗಿಯೊಬ್ಬರಿದ್ದಾರೆ. ಬಹುಕಾಲದ ಖಿನ್ನತೆಯಿಂದ ಬಳಲಿದವರು, ಔಷಧ ನಡೆದಿದೆ. ಹಿಂದೆ ಸುಲಿತದ ಎರಡು ತಿಂಗಳು ಅವರು ನಗುತ್ತಿದ್ದರಂತೆ. ನೆರೆಮನೆಯವರು ಮುಯ್ಯಾಳಾಗಿ ಬರುತ್ತಿದ್ದರು, ಇವರು ಅವರ ಮನೆಗೆ ಹೋಗುತ್ತಿದ್ದರು. ರಾತ್ರಿ ಹನ್ನೊಂದರವರೆಗೆ ಕಥೆ, ಹಾಡು, ಡಬ್ಬದ ಲೆಕ್ಕ. ಈಗ ಆಕೆ ದೂರದರ್ಶನದ ಮುಂದೆ ಕುಳಿತಿರುತ್ತಾರೆ. ಅದರ ಕಡೆಗೂ ಅವರ ಗಮನವಿಲ್ಲ. ಮಾತ್ರೆ ಅದೇ, ವೈದ್ಯರೂ ಅವರೇ. ಬರಿದಾದುದು ಅಂಗಳ ಮಾತ್ರ.

ಬೇಸಾಯವೆಂದರೆ ಬರಿಯ ಶಾಂತಿ ಎಂದು ತಿಳಿಯುವುದೂ ತಪ್ಪು. ಬೇಸಾಯವೇ ಮನಸ್ಸನ್ನು ಮುರಿಯುವ ಕಾಲವೂ ಉಂಟು. ಅಡಿಕೆಗೆ ಕೊಳೆರೋಗ ಹಳೆಯ ಶತ್ರು. 1910ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅದನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಮೈಲುತುತ್ತ, ಸುಣ್ಣಗಳ ಆ ದ್ರಾವಣವನ್ನೇ ಇಂದಿಗೂ ಹೊಡೆಯುತ್ತಾರೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗವು ಮಲೆನಾಡಿನ ತೋಟಗಳನ್ನು ಕಾಡುತ್ತಿದೆ. ಅಡಿಕೆಯ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ತಾತ ನೆಟ್ಟ ಮರ ಒಣಗುವುದನ್ನು ಕಾಣುವವನ ಸಂಕಟ ಹಣದ ಲೆಕ್ಕಕ್ಕೆ ಸಿಕ್ಕುವಂಥದ್ದಲ್ಲ. ಅದರೊಡನೆ ಸಾಲವೂ ಸೇರಿಕೊಂಡಾಗ, ಒಂಟಿ ಮನೆಯೂ ಸುರಿವ ಮಳೆಯೂ ಸೇರಿಕೊಂಡಾಗ, ಗಟ್ಟಿ ಮನುಷ್ಯನೂ ಕುಸಿಯುತ್ತಾನೆ. ನಮ್ಮ ನಾಡಿನಲ್ಲಿ ರೈತರ ಆತ್ಮಹತ್ಯೆಗಳ ಕಾರಣಗಳನ್ನು ಅರಸಲು ಡಾ. ಜಿ. ಕೆ. ವೀರೇಶ್ ಅವರ ಸಮಿತಿ 2002ರಲ್ಲಿಯೇ ವರದಿ ನೀಡಿತ್ತು. ಆ ಬಳಿಕವೂ, ಮುಖ್ಯವಾಗಿ 2015ರಲ್ಲಿ, ನಾಡು ಇಂಥ ಸಾವುಗಳನ್ನು ಕಂಡು ಕಣ್ಣೀರಿಟ್ಟಿದೆ.

ಇಲ್ಲಿ ಮನೆಯವರು ಮಾಡಬಹುದಾದ ಒಂದು ಸಣ್ಣ ಕೆಲಸವುಂಟು. ಕೀಟನಾಶಕವನ್ನೂ ಕಳೆನಾಶಕವನ್ನೂ ಮನೆಯೊಳಗೆ ಕೈಗೆಟುಕುವಂತೆ ಇಡದೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಇನ್ನೊಬ್ಬರ ವಶದಲ್ಲಿರಿಸುವುದು. ನೆರೆಯ ಶ್ರೀಲಂಕೆಯು 1980ರ ದಶಕದಿಂದ ಮೊದಲ್ಗೊಂಡು ಘೋರ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರಿಂದ 2015ರ ಅವಧಿಯಲ್ಲಿ ಅಲ್ಲಿಯ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡಾ 70ರಷ್ಟು ಇಳಿಯಿತು. ಸಾಯುವ ಯೋಚನೆ ಎಷ್ಟೋ ಸಲ ಕೆಲವು ಗಳಿಗೆಗಳದು. ಆ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಸಹಾಯಕ್ಕೆ ದಾರಿಗಳಿಲ್ಲವೆಂದು ಯಾರೂ ಎದೆಗುಂದಬೇಕಿಲ್ಲ. 14416 ಎಂಬ ದೂರವಾಣಿ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಟೆಲಿ ಮಾನಸ್ ಎಂಬ ಈ ಸೇವೆ 2022ರ ಅಕ್ಟೋಬರಿನಲ್ಲಿ ಆರಂಭವಾಯಿತು. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಗೊತ್ತಾದ ದಿನ ಬಂದು ನೋಡುವ ಮನೋಚೈತನ್ಯ ಕಾರ್ಯಕ್ರಮವನ್ನು ನಮ್ಮ ಸರ್ಕಾರ 2014ರಲ್ಲಿ ಆರಂಭಿಸಿತು. ನಿಮ್ಮ ತಾಲ್ಲೂಕಿನಲ್ಲಿ ಅದು ಯಾವ ದಿನವೆಂಬುದನ್ನು ಆಸ್ಪತ್ರೆಯಲ್ಲಿ ವಿಚಾರಿಸಿ ತಿಳಿಯಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮನೋರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿದವನನ್ನು ಶಿಕ್ಷಿಸುವ ಬದಲು ಆರೈಕೆ ಮಾಡಬೇಕೆಂದು ವಿಧಿಸಿದೆ.

ತೀರ್ಥಹಳ್ಳಿಯಿಂದ ಹೊರಡುವ ಮುನ್ನ ಮೇಷ್ಟ್ರು ನಮಗೆ ಮೂರನೆಯ ಮನೆಯೊಂದನ್ನು ತೋರಿಸಿದರು. ಆ ಮನೆಯವರೂ ಬೆಳೆಯನ್ನು ಚೇಣಿಗೆ ಕೊಟ್ಟವರೇ. ಆದರೆ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ತಮ್ಮನಿಗಾಗಿ ಯಜಮಾನರು ಮನೆಯ ಹತ್ತಿರದ ಐವತ್ತು ಮರಗಳ ಫಸಲನ್ನು ಬೇರೆಯಾಗಿ ಉಳಿಸಿಕೊಂಡಿದ್ದಾರೆ. ಅದನ್ನು ಮನೆಯವರೇ ಸುಲಿಯುತ್ತಾರೆ, ವಾರಕ್ಕೊಂದು ರಾತ್ರಿ ನೆರೆಯವರನ್ನು ಊಟಕ್ಕೆ ಕರೆದು ಜೊತೆಗೆ ಕೂರಿಸಿಕೊಳ್ಳುತ್ತಾರೆ. ಅಡಿಕೆಯ ಸಸಿಗಳನ್ನು ಚೀಲಗಳಲ್ಲಿ ಬೆಳೆಸುವ ಒಂದು ಸಣ್ಣ ಮಡಿಯನ್ನೂ ತಮ್ಮನ ಕೈಗೆ ಒಪ್ಪಿಸಿದ್ದಾರೆ. “ಲಾಭ ಎಂಥದೂ ಇಲ್ಲ ಗುರುಗಳೇ” ಎಂದು ಯಜಮಾನರು ನಕ್ಕರು, “ಸಸಿಗೆ ನೀರು ಹಾಕೋಕೆ ಅವನು ಆರು ಗಂಟೆಗೆ ಏಳ್ತಾನೆ. ಅದೇ ಲಾಭ.”

ಹಿಂದೆ ಬೇಸಾಯವು ದುರ್ಬಲರಿಗೆ ತಾನಾಗಿಯೇ ಒಂದು ಜಾಗ ನೀಡುತ್ತಿತ್ತು. ಇಂದು ಆ ಜಾಗವನ್ನು ನಾವು ಬೇಕೆಂದೇ ಉಳಿಸಬೇಕಾಗಿದೆ. ಮನೆಗಳು ಒಂದು ಮೂಲೆಯ ತೋಟವನ್ನು, ಒಂದು ಹಸುವನ್ನು, ಒಂದು ಮಡಿ ಸೊಪ್ಪನ್ನು ಲಾಭದ ಲೆಕ್ಕದಿಂದ ಹೊರಗಿಡಲಿ. ಭೂಮಿಯುಳ್ಳ ಮಠಗಳೂ ಸಂಘಗಳೂ ಹತ್ತಿರದ ವೈದ್ಯರ ಸಲಹೆ ಪಡೆದು, ವಾರಕ್ಕೆರಡು ದಿನವಾದರೂ ಇಂಥವರು ಬಂದು ಕೈಲಾದಷ್ಟು ದುಡಿದು ಒಟ್ಟಿಗೆ ಕುಳಿತು ಉಂಡುಹೋಗುವಂತೆ ಏರ್ಪಾಡು ಮಾಡಲಿ. ನಿಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಬಾಗಿಲು ಹಾಕಿಕೊಂಡು ಕುಳಿತ ಜೀವವೊಂದಿದ್ದರೆ, ಮೊದಲು ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಿರಿ. ಚೇತರಿಕೆ ಕಂಡ ದಿನ ಒಂದು ಸಣ್ಣ ಬುಟ್ಟಿಯನ್ನು ಅವರ ಕೈಗಿಡಿರಿ, ನೀವೂ ಜೊತೆಗೆ ನಡೆಯಿರಿ. ಮೊದಲ ದಿನ ಅವರು ಮೂರೇ ಅಡಿಕೆ ಹೆಕ್ಕಿದರೂ ಅದನ್ನು ತೂಗಿ, ಲೆಕ್ಕ ಬರೆದಿಡಿರಿ.